ನೆರೆಪಾದ ಲಕ್ಷಣ

ಶಾಸ್ತ್ರವೊಂದನ್ನು ಬರೆಯಹೊರಟವನು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕೆಂದು ಹಿಂದಿನವರು ಕಟ್ಟು ಮಾಡಿದ್ದಾರೆ: ಓದಲು ಅಧಿಕಾರಿ ಯಾರು, ವಿಷಯ ಏನು, ಸಂಬಂಧ ಯಾವುದು, ಪ್ರಯೋಜನ ಏನು. ಈ ಶಾಸ್ತ್ರಕ್ಕೆ ಅಧಿಕಾರಿ, ಪಕ್ಕದವರ ಕಸ ತನ್ನ ಕಾಂಪೌಂಡಿನೊಳಗೆ ಬಿದ್ದದ್ದನ್ನು ಕಂಡು ಒಮ್ಮೆಯಾದರೂ ಕೂಗಾಡಿದವನು. ವಿಷಯ, ಒಂದು ದೇಶ ದುಡಿದು, ಉಂಡು, ಕಟ್ಟಿ, ಮಾರಿ ಬಾಳುವಾಗ ಅದರ ಹೆಜ್ಜೆ ನೆರೆದೇಶದ ನೆಲ, ನೀರು, ಗಾಳಿಗಳ ಮೇಲೆ ಮೂಡುವ ಬಗೆ. ಸಂಬಂಧವೆಂದರೆ ವ್ಯಾಪಾರದ ಸಂಬಂಧ. ಬೇರೆ ಸಂಬಂಧ ಇಟ್ಟುಕೊಂಡ ನೆರೆದೇಶಗಳು ಗ್ರಂಥಕರ್ತನ ಕಣ್ಣಿಗೆ ಬಿದ್ದಿಲ್ಲ. ಪ್ರಯೋಜನವನ್ನು ಕೊನೆಯಲ್ಲಿ ಹೇಳುವುದು ವಾಡಿಕೆ. ಕೊನೆಯಲ್ಲೂ ಹೇಳದೆ ಉಳಿಯುವುದು ಈ ಗ್ರಂಥಕರ್ತನ ವಾಡಿಕೆ.

ಹೆಜ್ಜೆ ಅಳೆಯುವ ವಿದ್ಯೆ ಹಳೆಯದೇನಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ರೀಸ್ ಮತ್ತು ಅವರ ವಿದ್ಯಾರ್ಥಿ ಮ್ಯಾಥಿಸ್ ವಾಕರ್ನಾಗೆಲ್ 1990ರ ದಶಕದಲ್ಲಿ ಇದಕ್ಕೆ ಲೆಕ್ಕದ ರೂಪ ಕೊಟ್ಟರು. ತಿನ್ನುವ ಅನ್ನ, ತೊಡುವ ಬಟ್ಟೆ, ಉರಿಸುವ ಡೀಸೆಲ್ಲು, ಇವೆಲ್ಲಕ್ಕೂ ಎಷ್ಟು ಹೊಲ ಬೇಕು, ಎಷ್ಟು ಕಾಡು ಬೇಕು, ಎಷ್ಟು ಕಡಲು ಬೇಕು ಎಂದು ಕೂಡಿಸಿ ಹೆಕ್ಟೇರಿಗೆ ಇಳಿಸಿದರು. ಸರಾಸರಿ ಭಾರತೀಯನ ಹೆಜ್ಜೆ ಸುಮಾರು 1.2 ಜಾಗತಿಕ ಹೆಕ್ಟೇರು. ನಮ್ಮ ತಾಲ್ಲೂಕು ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಮೂರು ಎಕರೆಗೆ ಒಂದೆರಡು ಗುಂಟೆ ಕಮ್ಮಿ. ಆದರೆ ಈ ಮೂರು ಎಕರೆಗೆ ಪಹಣಿಯಿಲ್ಲ, ಸರ್ವೆ ನಂಬರಿಲ್ಲ, ಚಕ್ಕುಬಂದಿಯಿಲ್ಲ. ಎಷ್ಟು ಎಂದು ರೀಸ್ ಅವರ ಶಾಸ್ತ್ರ ಹೇಳುತ್ತದೆ; ಎಲ್ಲಿ ಎಂದು ಕೇಳಿದರೆ ಜಗತ್ತಿನಲ್ಲಿ ಎಲ್ಲೋ ಎನ್ನುತ್ತದೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರ ಹಳ್ಳ ಎಂದು ಬರೆದಿಡುವ ಶ್ಯಾನುಭೋಗಿಕೆ ಖಾಲಿ ಬಿದ್ದಿತ್ತು. ಗ್ರಂಥಕರ್ತ ಯಾರೂ ಕರೆಯದೆ ಆ ಮಣೆಯ ಮೇಲೆ ಕೂತಿದ್ದಾನೆ.

ನಮ್ಮ ಹಿರಿಯರು ಏನನ್ನೇ ವಿಂಗಡಿಸಿದರೂ ಪಂಚಭೂತಗಳಿಂದ ಆರಂಭಿಸಿದರು. ನಾವೂ ಅಲ್ಲಿಂದಲೇ ಹೊರಡೋಣ. ಈ ವಿಂಗಡಣೆ ನಡುದಾರಿಯಲ್ಲಿ ಕೈಕೊಡುತ್ತದೆಂಬುದು ಗ್ರಂಥಕರ್ತನಿಗೆ ಗೊತ್ತು. ಕೈಕೊಡುವವರೆಗೆ ಅದರ ಜೊತೆ ನಡೆಯುವುದೇ ಪಾಂಡಿತ್ಯದ ಕ್ರಮ.

ಸೂತ್ರ: ವಾಯುಪಾದಕ್ಕೆ ಬೇಲಿಯಿಲ್ಲ.

ವೃತ್ತಿ. ಹೊಗೆಗೆ ಹೋಗಲು ಖರ್ಚಿಲ್ಲ, ಹಿಡಿದು ನಿಲ್ಲಿಸಲು ಪೊಲೀಸರಿಲ್ಲ. ಈ ವರ್ಗದ ಆದಿ ದೃಷ್ಟಾಂತ, ಹೆಜ್ಜೆಶಾಸ್ತ್ರ ಹುಟ್ಟಿದ ಅದೇ ಬ್ರಿಟಿಷ್ ಕೊಲಂಬಿಯಾದ ಟ್ರೇಲ್ ಎಂಬ ಊರಿನದು. ಅಲ್ಲಿ ಸೀಸ, ಸತು ಕರಗಿಸುವ ಕಾರ್ಖಾನೆ. ಗಂಧಕದ ಹೊಗೆ ಊರಿಗೆ ಕಾಟ ಕೊಡಬಾರದೆಂದು 1925 ಮತ್ತು 1927ರಲ್ಲಿ 409 ಅಡಿ ಎತ್ತರದ ಎರಡು ಹೊಗೆಗೊಳವೆ ಎಬ್ಬಿಸಿದರು. ಹೊಗೆ ಎತ್ತರಕ್ಕೆ ಹೋಯಿತು, ಕೊಲಂಬಿಯಾ ನದಿಯ ಕಣಿವೆ ಹಿಡಿದು ಗಡಿ ದಾಟಿತು, ಅಮೆರಿಕದ ವಾಷಿಂಗ್ಟನ್ ರಾಜ್ಯದ ರೈತರ ಬೆಳೆ, ಮರಗಳ ಮೇಲೆ ಇಳಿಯಿತು. ಎರಡು ದೇಶಗಳ ಜಂಟಿ ಆಯೋಗ 1931ರಲ್ಲಿ 3,50,000 ಡಾಲರ್ ಪರಿಹಾರವೆಂದಿತು. ಆಮೇಲೆ ಕೂತ ಪಂಚಾಯ್ತಿ ನ್ಯಾಯಮಂಡಳಿ 1938ರಲ್ಲಿ ಮತ್ತೆ 78,000 ಡಾಲರ್ ಕೊಡಿಸಿತು. 1941ರ ಅಂತಿಮ ತೀರ್ಪಿನಲ್ಲಿ, ತನ್ನ ನೆಲದಲ್ಲಿ ನಿಂತು ನೆರೆಯವನಿಗೆ ಹೊಗೆ ಹಾಕುವ ಹಕ್ಕು ಯಾವ ದೇಶಕ್ಕೂ ಇಲ್ಲ ಎಂದು ಬರೆಯಿತು. ಅಂತಾರಾಷ್ಟ್ರೀಯ ಪರಿಸರ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓಂ ನಾಮ ತೀಡುವುದು ಈ ಕುಲುಮೆಯ ಬೂದಿಯಲ್ಲೇ. ಎತ್ತರದ ಕೊಳವೆ ಎಂಬ ಔಷಧವನ್ನು ಮಾತ್ರ ಓದುಗರು ನೆನಪಿನಲ್ಲಿಡಬೇಕು, ಅದು ಮತ್ತೆ ಬರುತ್ತದೆ.

ವಾಯುಪಾದ ಪೂರ್ತಿ ಬೆಳೆದು ನಿಂತದ್ದು ಇಂಡೊನೇಷ್ಯಾದಲ್ಲಿ. ಸುಮಾತ್ರ, ಕಾಲಿಮಂತಾನ್‌ಗಳ ಜೌಗು ಕಾಡಿನ ತಳದಲ್ಲಿರುವುದು ನಾವು ತಿಳಿದ ಮಣ್ಣಲ್ಲ. ಸಾವಿರಾರು ವರ್ಷ ನೀರಿನಲ್ಲಿ ಮುಳುಗಿ, ಪೂರ್ತಿ ಕೊಳೆಯಲೂ ಆಗದೆ ಕೂತ ಎಲೆ, ಬೇರು, ಕಾಂಡಗಳ ರಾಶಿ ಅದು; ಇದ್ದಲಾಗುವ ದಾರಿಯಲ್ಲಿ ಅರ್ಧಕ್ಕೆ ನಿಂತ ಕಾಡು. ಒದ್ದೆಯಾಗಿರುವ ತನಕ ಅದಕ್ಕೆ ಬೆಂಕಿ ಹತ್ತುವುದಿಲ್ಲ. ತಾಳೆ ತೋಟಕ್ಕೋ ಕಾಗದದ ತಿರುಳಿನ ಮರಕ್ಕೋ ಜಾಗ ಬೇಕೆಂದು ಕಾಲುವೆ ತೋಡಿ ನೀರು ಬಸಿದುಬಿಟ್ಟರೆ ಆ ನೆಲವೇ ಸೌದೆ. ಕಳೆ ತೆಗೆಯಲು ಯಂತ್ರಕ್ಕಿಂತ ಕಡ್ಡಿಪೆಟ್ಟಿಗೆ ಅಗ್ಗ. ಹಚ್ಚಿದ ಬೆಂಕಿ ಮೇಲೆ ಉರಿಯುವುದಕ್ಕಿಂತ ಒಳಗೊಳಗೇ ತೆವಳುತ್ತದೆ. ಇಲ್ಲಿ ನೀರು ಸುರಿದರೆ ಅಲ್ಲಿ ಹೊಗೆಯೇಳುತ್ತದೆ. ಎಲ್ ನಿನೋ ವರ್ಷವಾಗಿ ಮಳೆ ತಪ್ಪಿದರೆ, 1997ರಲ್ಲೂ 2015ರಲ್ಲೂ ಆದಂತೆ, ತಿಂಗಳುಗಟ್ಟಲೆ ಆರುವುದಿಲ್ಲ.

2013ರ ಜೂನ್ 21ರಂದು ಸಿಂಗಪುರದ ಮಾಲಿನ್ಯ ಸೂಚ್ಯಂಕ 401 ಮುಟ್ಟಿತು. 300 ದಾಟಿದರೆ ಅಪಾಯಕಾರಿ ಎಂಬುದು ಅಲ್ಲಿಯ ಲೆಕ್ಕ. ಮರುವರ್ಷ ಸಿಂಗಪುರ ಒಂದು ಕಾನೂನು ಮಾಡಿತು: ಹೊಗೆ ಎಲ್ಲಿಯದೇ ಆಗಿರಲಿ, ಅದಕ್ಕೆ ಕಾರಣವಾದ ಕಂಪನಿಯನ್ನು ನಮ್ಮ ಕೋರ್ಟಿಗೆ ಎಳೆಯಬಹುದು. 2015ರಲ್ಲಿ ಇಂಡೊನೇಷ್ಯಾದ ಉಪಾಧ್ಯಕ್ಷ ಯೂಸುಫ್ ಕಲ್ಲಾ ಇದಕ್ಕೆ ಒಂದು ಪೂರ್ವಪಕ್ಷ ಹೂಡಿದರು. ನೆರೆಯವರು ಹನ್ನೊಂದು ತಿಂಗಳು ನಮ್ಮ ಕಾಡಿನ ಒಳ್ಳೆಯ ಗಾಳಿ ಕುಡಿಯುತ್ತಾರೆ, ಒಂದು ದಿನವೂ ಉಪಕಾರ ನೆನೆಯಲಿಲ್ಲ. ಒಂದು ತಿಂಗಳ ಹೊಗೆಗೆ ಇಷ್ಟು ಬೊಬ್ಬೆಯೇ ಎಂಬುದು ಅದರ ತಾತ್ಪರ್ಯ. ಶಾಸ್ತ್ರಚರ್ಚೆಯಲ್ಲಿ ಇಷ್ಟು ಚೊಕ್ಕವಾದ ವಾದ ಸಿಗುವುದು ಅಪರೂಪ. ಗಾಳಿಗೆ ಬಿಲ್ಲು ಹಾಕುವುದಾದರೆ ಎರಡೂ ಕಡೆಗೆ ಹಾಕಬೇಕಲ್ಲ!

ಆದರೆ ಉತ್ತರಪಕ್ಷ ಬೇರೆಯೇ ಇದೆ. ಉರಿಯುವ ತೋಟಗಳ ಕಂಪನಿಗಳಲ್ಲಿ ಹಲವು ಸಿಂಗಪುರದ ಷೇರುಪೇಟೆಯಲ್ಲಿ ನೋಂದಾಯಿಸಿಕೊಂಡವು, ಹಲವಕ್ಕೆ ಮಲೇಷ್ಯಾದ ಒಡೆಯರು. ಹಣ ದಕ್ಷಿಣಕ್ಕೆ ಹೋಯಿತು, ಹೊಗೆ ಉತ್ತರಕ್ಕೆ ಬಂತು. ನಾವೇನು ದೂರ ನಿಂತು ನೋಡುವವರಲ್ಲ. ನಿಕೋಬಾರಿನ ಇಂದಿರಾ ಪಾಯಿಂಟಿನಿಂದ ಸುಮಾತ್ರದ ತುದಿಯ ದ್ವೀಪಕ್ಕೆ ಬೆಂಗಳೂರು–ಚಿತ್ರದುರ್ಗದಷ್ಟೂ ದೂರವಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ತರಿಸುವ ದೇಶ ಭಾರತ. ವರ್ಷಕ್ಕೆ 75 ಲಕ್ಷ ಟನ್ನಿಗೂ ಮೇಲೆ, ಬಹುಪಾಲು ಇಂಡೊನೇಷ್ಯಾ, ಮಲೇಷ್ಯಾಗಳಿಂದ. ಬಸ್ ಸ್ಟ್ಯಾಂಡಿನ ಬೋಂಡದ ಬಾಣಲೆಯಲ್ಲಿ, ಬೇಕರಿಯ ಬಿಸ್ಕತ್ತಿನಲ್ಲಿ, ಸೋಪಿನಲ್ಲಿ, ಒಂದು ಕಾಲಕ್ಕೆ ರೇಷನ್ ಅಂಗಡಿಯ ಕ್ಯಾನಿನಲ್ಲಿ ಅದೇ ಪಾಮಾಯಿಲ್. ಗ್ರಂಥಕರ್ತ ಬೋಂಡ ಬಿಟ್ಟಿಲ್ಲ, ಬಿಡುವ ಅಂದಾಜೂ ಇಲ್ಲ. ಬಾಣಲೆಯ ಸರ್ವೆ ನಂಬರನ್ನು ಬರೆದಿಟ್ಟಿದ್ದಾನೆ, ಅಷ್ಟೇ.

ಪಂಜಾಬಿನದು ಇದೇ ವರ್ಗದ ಉಪಜಾತಿ, ಉಭಯಧೂಮ. ಅಮೃತಸರಕ್ಕೂ ಲಾಹೋರಿಗೂ ಐವತ್ತು ಕಿ.ಮೀ. ಆಸುಪಾಸು. ಎರಡೂ ಕಡೆ ಭತ್ತ, ಎರಡೂ ಕಡೆ ಕೂಳೆ ಸುಡುವುದು, ಗಾಳಿ ಯಾವ ಕಡೆ ಬೀಸಿತೋ ಆ ದಿನ ಆ ಕಡೆಯವರು ಫಿರ್ಯಾದಿ. ಭಾರತದ ಪಂಜಾಬು ಅಂತರ್ಜಲ ಉಳಿಸಲು 2009ರಲ್ಲಿ ಕಾನೂನು ತಂದು ನಾಟಿಯನ್ನು ಜೂನಿಗೆ ತಳ್ಳಿತು. ನಾಟಿ ತಡವಾದರೆ ಕೊಯ್ಲು ತಡ, ಗೋಧಿ ಬಿತ್ತುವ ಮುಂಚೆ ಉಳಿಯುವ ದಿನ ಕಮ್ಮಿ. ಆ ಅವಸರದಲ್ಲಿ ಬೆಂಕಿಯೇ ಗತಿ, ಅದೂ ಗಾಳಿ ಕದಲದ ನವೆಂಬರಿನ ಹೊಸ್ತಿಲಲ್ಲಿ. ನೀರನ್ನು ಉಳಿಸಿದ್ದು ಹೊಗೆಯಾಗಿ ಎದ್ದಿತು. ಅಪ್ ವರ್ಗದ ಪುಣ್ಯ ವಾಯುವರ್ಗದ ಪಾಪವಾಗಿ ಜಮೆಯಾದದ್ದನ್ನು ಯಾವ ಪುಟದಲ್ಲಿ ಬರೆಯಬೇಕೆಂದು ಪಂಚಭೂತ ಪದ್ಧತಿ ಹೇಳುವುದಿಲ್ಲ. ಬಿರುಕು ಇಲ್ಲಿಂದಲೇ ಶುರು.

ಸೂತ್ರ: ಪೃಥ್ವೀಪಾದ ನಡೆಯುವುದಿಲ್ಲ, ಅದನ್ನು ಹೊತ್ತೊಯ್ಯುತ್ತಾರೆ.

ವೃತ್ತಿ. ಮೇಘಾಲಯದ ಖಾಸಿ ಗುಡ್ಡಗಳು ದಕ್ಷಿಣಕ್ಕೆ ಬರುತ್ತ ಬರುತ್ತ ಇಳಿಜಾರಾಗುವುದಿಲ್ಲ. ಗೋಡೆಯಂತೆ ಕಡಿದು ನಿಲ್ಲುತ್ತವೆ. ಗೋಡೆಯ ಬುಡದಿಂದಲೇ ಬಾಂಗ್ಲಾದೇಶದ ಬಯಲು. ಮೇಲೆ ಬರೀ ಕಲ್ಲು, ಕೆಳಗೆ ನದಿಗಳು ತಂದು ಹಾಸಿದ ಮೆಕ್ಕಲು. ದೇಶದ ಬಹುಪಾಲು ಹೀಗೆ ಕಲ್ಲಿಲ್ಲದ ನೆಲವಾದ್ದರಿಂದ ಅಲ್ಲಿ ರಸ್ತೆಗೆ ಜಲ್ಲಿ ಬೇಕಾದರೆ ಇಟ್ಟಿಗೆ ಸುಟ್ಟು ಒಡೆಯುತ್ತಾರೆ. ಸಿಮೆಂಟಿಗೆ ಸುಣ್ಣದ ಕಲ್ಲು ಬೇಕು, ಅದನ್ನು ಇಟ್ಟಿಗೆಯಿಂದ ಮಾಡಲು ಬರುವುದಿಲ್ಲ. ಹಾಗಾಗಿ ಸುನಾಮ್‌ಗಂಜ್ ಜಿಲ್ಲೆಯ ಛಾತಕ್‌ನಲ್ಲಿ ಲಫಾರ್ಜ್ ಕಂಪನಿಯ ಸಿಮೆಂಟ್ ಕಾರ್ಖಾನೆ ಎದ್ದಾಗ, ಕಾರ್ಖಾನೆ ಬಾಂಗ್ಲಾದೇಶದಲ್ಲೂ ಅದರ ಗಣಿ ಭಾರತದಲ್ಲೂ ಆದವು. ನಡುವೆ 17 ಕಿ.ಮೀ. ಉದ್ದದ ಕನ್ವೇಯರ್ ಬೆಲ್ಟು: ಗಡಿಯ ಆಚೆ ಹತ್ತು, ಈಚೆ ಏಳು. ಕಂಬಗಳ ಮೇಲೆ ನಿಂತ ಈ ರಬ್ಬರಿನ ದಾರಿ ಹಳ್ಳ, ಗದ್ದೆಗಳ ಮೇಲಿಂದ ಹಾಯುತ್ತದೆ. ಖಾಸಿ ಗುಡ್ಡದ ಚೂರುಗಳು ವೀಸಾ ಇಲ್ಲದೆ, ಪಾಸ್‌ಪೋರ್ಟಿಲ್ಲದೆ, ಮಳೆಗಾಲದಲ್ಲೂ ಒದ್ದೆಯಾಗದೆ ದೇಶ ಬದಲಾಯಿಸುತ್ತವೆ. ಮನುಷ್ಯರು ಆ ಗಡಿ ದಾಟಬೇಕಾದರೆ ಎಷ್ಟು ಕಾಗದ ಬೇಕೆಂಬುದು ಇಲ್ಲಿ ಅಪ್ರಸ್ತುತ.

ಗ್ರಂಥಕರ್ತನಿಗೆ ಈ ದೃಷ್ಟಾಂತದ ಮೇಲೆ ವಿಶೇಷ ಪ್ರೀತಿ, ಯಾಕೆಂದರೆ ಇದು ಮೂಲತಃ ವರ್ಗೀಕರಣದ ಜಗಳ. ಗಣಿಗೆ ಅನುಮತಿ ಕೊಡುವಾಗ ಆ ಜಾಗ ಕಾಡಲ್ಲ ಎಂದು ಸ್ಥಳೀಯವಾಗಿ ಕಾಗದ ಸಿಕ್ಕಿತ್ತು. ಆಮೇಲೆ ಅರಣ್ಯಾಧಿಕಾರಿಗಳು ಹೋಗಿ ನೋಡಿದರೆ ಮರಗಳಿದ್ದವು, ಅದೂ ತಾವಾಗಿ ಬೆಳೆದವು. ಕಾಡಾದರೆ ಒಂದು ಕಾನೂನು, ಅಲ್ಲದಿದ್ದರೆ ಇನ್ನೊಂದು. 2010ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು. ಗುಡ್ಡದ ಮೇಲಿನ ತಕರಾರಿಗೆ ಬಯಲಿನ ಕಾರ್ಖಾನೆಯ ಹೊಟ್ಟೆ ಖಾಲಿಯಾಯಿತು. ಢಾಕಾ ದೆಹಲಿಯ ಬಾಗಿಲು ಬಡಿಯಿತು. 2011ರ ಜುಲೈಯಲ್ಲಿ ಕೋರ್ಟು ಹಣದ ಶರತ್ತು, ಷರಾ ಹಾಕಿ ಮತ್ತೆ ಬಿಟ್ಟಿತು. ಬಾಂಗ್ಲಾದೇಶದ ಗೋಡೆ, ಸೇತುವೆಗಳ ಹೆಜ್ಜೆ ಮೂಡಿದ್ದು ಶೆಲ್ಲಾ ಸುತ್ತಿನ ಹಳ್ಳಿಗಳಲ್ಲಿ. ಬೆಲ್ಟಿನ ಈ ತುದಿಯಲ್ಲಿ ನಿಂತವನಿಗೆ ಆ ತುದಿ ಕಾಣಿಸುವುದಿಲ್ಲ.

ಸಿಂಗಪುರದ ಮರಳು ಇದೇ ವರ್ಗ. 1960ರ ದಶಕದಲ್ಲಿ ಸುಮಾರು 580 ಚದರ ಕಿ.ಮೀ. ಇದ್ದ ದೇಶ ಈಗ 730 ದಾಟಿದೆ. ಯುದ್ಧ ಮಾಡದೆ ಇಷ್ಟು ರಾಜ್ಯವಿಸ್ತಾರ ಮಾಡಿದ ಅರಸು ಪುರಾಣದಲ್ಲೂ ಸಿಗುವುದು ಕಷ್ಟ. ಸಮುದ್ರವನ್ನು ಹಿಂದೆ ಸರಿಸಿದ ಪರಶುರಾಮನೂ ಮರಳು ಕೊಂಡು ತರಲಿಲ್ಲ. ಮಲೇಷ್ಯಾ 1997ರಲ್ಲಿ ಕೊಡುವುದಿಲ್ಲವೆಂದಿತು, ಇಂಡೊನೇಷ್ಯಾ 2007ರಲ್ಲಿ. ಇಂಡೊನೇಷ್ಯಾಗೆ ತನ್ನ ರಿಯಾವು ದ್ವೀಪಗಳಲ್ಲಿ ಕೆಲವು ಕರಗಿ, ಅವುಗಳ ಜೊತೆ ತನ್ನ ಕಡಲ ಗಡಿಯೇ ಕರಗೀತೆಂಬ ಭಯ ಹಿಡಿದಿತ್ತು. ಖರೀದಿ ನಿಲ್ಲಲಿಲ್ಲ, ಕಾಂಬೋಡಿಯಾದ ಕೊಹ್ ಕಾಂಗ್ ಅಳಿವೆಗಳತ್ತ ತಿರುಗಿತು. ಅಲ್ಲಿ 2017ರಲ್ಲಿ ನಿಷೇಧ.

ಸೂತ್ರ: ಅಪ್‌ಪಾದ ಇಳಿಮುಖ.

ವೃತ್ತಿ. ನೀರು ಕೆಳಗೆ ಹರಿಯುವುದರಿಂದ ಮೇಲಿನವನು ಸದಾ ಪ್ರತಿವಾದಿ, ಕೆಳಗಿನವನು ಸದಾ ವಾದಿ. ಮೆಕಾಂಗ್ ನದಿಯ ವಿಷಯದಲ್ಲಿ ಈ ಸೂತ್ರ ಸಾಲದು. ಲಾವೋಸ್‌ನ ಸಾಯಾಬುರಿ ಅಣೆಕಟ್ಟು 1,285 ಮೆಗಾವಾಟಿನದು, 2019ರಲ್ಲಿ ಚಾಲೂ ಆಯಿತು. ನದಿ ಲಾವೋಸಿನದು, ಕಟ್ಟಿದ ಕಂಪನಿ ಥಾಯ್, ಸಾಲ ಕೊಟ್ಟ ಬ್ಯಾಂಕುಗಳು ಥಾಯ್, ನೂರಕ್ಕೆ ತೊಂಬತ್ತೈದರಷ್ಟು ವಿದ್ಯುತ್ತು ಹೋಗುವುದು ಥಾಯ್ಲೆಂಡಿಗೆ. ಕೆಳಗೆ ಕಾಂಬೋಡಿಯಾದಲ್ಲಿ ತೊನ್ಲೆ ಸಾಪ್ ಎಂಬ ವಿಚಿತ್ರ ಕೆರೆಯಿದೆ. ಮಳೆಗಾಲದಲ್ಲಿ ಮೆಕಾಂಗ್ ತುಂಬಿದಾಗ ಕೆರೆಯ ನದಿ ಹಿಮ್ಮುಖವಾಗಿ ಹರಿಯುತ್ತದೆ; ಬೇಸಿಗೆಯಲ್ಲಿ 2,500 ಚದರ ಕಿ.ಮೀ. ಆಸುಪಾಸಿನ ಕೆರೆ ಐದಾರು ಪಟ್ಟು ಹಿಗ್ಗಿ ಸುತ್ತಲಿನ ಕಾಡಿನೊಳಗೆ ನುಗ್ಗುತ್ತದೆ, ಮೀನುಗಳು ಮರದ ಬುಡದಲ್ಲಿ ಮರಿ ಮಾಡುತ್ತವೆ. ನದಿ ಯಾವಾಗ ಏರಬೇಕು, ಎಷ್ಟು ಏರಬೇಕು ಎಂಬುದಕ್ಕೆ ಮೇಲೆ ಗೇಟು ಕೂತರೆ ಆ ಉಸಿರಾಟದ ಲಯ ತಪ್ಪುತ್ತದೆ. ಬ್ಯಾಂಕಾಕಿನ ಮಾಲಿನ ಏಸಿಯಡಿ ತಣ್ಣಗೆ ಕೂತವರು ಈ ನದಿಯ ಮೇಲಿನವರೂ ಅಲ್ಲ, ಕೆಳಗಿನವರೂ ಅಲ್ಲ; ಅವರು ಇಲ್ಲಿ ಪಕ್ಕದವರು.

ಥಾಯ್ಲೆಂಡು ತನ್ನ ನೆಲದಲ್ಲಿ ಅಣೆಕಟ್ಟು ಕಟ್ಟಿ ನೋಡಿಲ್ಲವೆಂದಲ್ಲ. ಮುನ್ ನದಿಗೆ ಅಡ್ಡಲಾಗಿ 136 ಮೆಗಾವಾಟಿನ ಪಾಕ್ ಮುನ್ ಕಟ್ಟೆಯನ್ನು 1994ರಲ್ಲಿ ಮುಗಿಸಿದರು, ಮೀನು ಹತ್ತಲೆಂದು ಅದಕ್ಕೊಂದು ಏಣಿಯನ್ನೂ ಮಾಡಿದರು. ಮೀನುಗಳು ಏಣಿಯ ಉದ್ದೇಶವನ್ನು ಅರ್ಥಮಾಡಿಕೊಳ್ಳಲಿಲ್ಲ. ಮೀನುಗಾರರು ಕಟ್ಟೆಯ ಮೇಲೂ ಬ್ಯಾಂಕಾಕಿನ ಸರ್ಕಾರಿ ಭವನದ ಮುಂದೂ ವರ್ಷಗಟ್ಟಲೆ ಕೂತರು. ದೇಶದೊಳಗೆ ಅಣೆಕಟ್ಟಿನ ಮಾತೆತ್ತುವುದು ಅಧಿಕಾರಿಗಳಿಗೆ ತಲೆನೋವಾಯಿತು. ಲಾವೋಸ್‌ನಲ್ಲಿ ಹಾಗೆ ಕೂರುವ ಪದ್ಧತಿಯಿಲ್ಲ.

ಮೇಘಾಲಯದ ಜೈಂತಿಯಾ ಗುಡ್ಡಗಳ ಲೂಖಾ ನದಿ ಚಳಿಗಾಲದಲ್ಲಿ ನೀಲಿಯಾಗುವುದೂ ಇದೇ ವರ್ಗಕ್ಕೆ ಸೇರಬೇಕು. ಕಲ್ಲಿದ್ದಲು ಗಣಿಯ ಹುಳಿನೀರೋ, ಸಿಮೆಂಟ್ ಕಾರ್ಖಾನೆಯೋ ಎಂಬ ವಾದವಿದೆ. ನದಿ ಬಾಂಗ್ಲಾದೇಶಕ್ಕೆ ಹರಿಯುತ್ತದೆ. ಆ ಗುಡ್ಡಗಳ ಕಲ್ಲಿದ್ದಲನ್ನು ಇಟ್ಟಿಗೆ ಗೂಡಿಗೆಂದು ಬಹುಕಾಲ ಕೊಂಡದ್ದೂ ಬಾಂಗ್ಲಾದೇಶವೇ.

ಸೂತ್ರ: ತೇಜಃಪಾದದಲ್ಲಿ ಬೆಳಕು ಒಬ್ಬನದು, ಬೂದಿ ಒಬ್ಬನದು.

ವೃತ್ತಿ. ಸುಗಮ. ಉದಾಹರಣೆಗೆ ಜಾರ್ಖಂಡಿನ ಗೊಡ್ಡಾ, 1,600 ಮೆಗಾವಾಟು, 2023ರಿಂದ ಬಾಂಗ್ಲಾದೇಶಕ್ಕೆ ವಿದ್ಯುತ್ತು. ಜಾರ್ಖಂಡು ಕಲ್ಲಿದ್ದಲಿನ ಮೇಲೆಯೇ ಕೂತ ರಾಜ್ಯ. ಅಲ್ಲಿ ಉರಿಯುವುದು ಹೊರದೇಶದಿಂದ ಹಡಗಿನಲ್ಲಿ ಬಂದ ಕಲ್ಲಿದ್ದಲು. ಒಲೆ ನಮ್ಮದು, ಸೌದೆ ಮೂರನೆಯವರದು, ಊಟ ಆಚೆಯವರದು.

ಸೂತ್ರ: ಆಕಾಶಪಾದ ಎರಡು ಲೆಡ್ಜರುಗಳ ನಡುವೆ ಇರುತ್ತದೆ.

ವೃತ್ತಿ. ಆಕಾಶವೆಂದರೆ ಅವಕಾಶ, ಖಾಲಿ ಜಾಗ. ಮೇಲೆ ಹೇಳಿದ ಕಾಂಬೋಡಿಯಾದ ಮರಳನ್ನೇ ತೆಗೆದುಕೊಳ್ಳಿ. 2007ರಿಂದ 2015ರ ತನಕ ಸಿಂಗಪುರದ ಆಮದು ಲೆಕ್ಕದಲ್ಲಿ ಅಲ್ಲಿಂದ ಬಂದ ಮರಳು 7 ಕೋಟಿ ಟನ್ನಿಗೂ ಹೆಚ್ಚು. ಕಾಂಬೋಡಿಯಾದ ರಫ್ತು ಲೆಕ್ಕದಲ್ಲಿ ಹೋದದ್ದು 30 ಲಕ್ಷ ಟನ್ನೂ ಇಲ್ಲ. ಉಳಿದದ್ದು ಸಮುದ್ರದ ನಡುವೆ ಆಕಾಶತತ್ತ್ವದಿಂದ ಉತ್ಪನ್ನವಾಯಿತೆಂದೇ ಹೇಳಬೇಕು.

ಈ ವಿದ್ಯೆಯಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲ. ಚೀನಾ ನಮ್ಮ ನೆರೆದೇಶವೆಂದು ಭೂಗೋಳದ ಪುಸ್ತಕದಲ್ಲಿ ಎಲ್ಲರೂ ಓದಿದ್ದೆವು. ಸಂಡೂರಿಗೆ ಅದು ಮನದಟ್ಟಾದದ್ದು ಈ ಶತಮಾನದ ಮೊದಲ ದಶಕದಲ್ಲಿ. ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಕುಲುಮೆಗಳಿಗೆ ಎಷ್ಟು ಅದಿರು ಹಾಕಿದರೂ ಸಾಲದು. ಮೊದಲು ಯಾರಿಗೂ ಬೇಡವೆಂದು ಗಣಿಯ ಪಕ್ಕ ಗುಡ್ಡೆ ಹಾಕಿದ್ದ ಪುಡಿ ಅದಿರಿಗೂ ಗಿರಾಕಿ ಬಂದ. ಹೊಲದ ಮೇಲ್ಮಣ್ಣಿನಲ್ಲಿ ಅದಿರಿದೆಯೆಂದು ಹೊಲಗಳೇ ಗಣಿಯಾದವು. ದಾಳಿಂಬೆ ಎಲೆ, ಶಾಲೆಯ ಹೆಂಚು, ಒಣಹಾಕಿದ ಬಟ್ಟೆ, ಹೋಟೆಲಿನ ಮೇಜಿನ ಮೇಲೆ ಬೆರಳೆಳೆದ ಗೆರೆ, ಎಲ್ಲ ಒಂದೇ ಕೆಂಪು. ಟಾರ್ಪಾಲು ಸರಿಯಾಗಿ ಮುಚ್ಚದ ಲಾರಿಗಳು ಸಾಲುಗಟ್ಟಿ ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆಯ ಬಳಿಯ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದವು. ಚೀನಾದ ಹೆಜ್ಜೆಗೆ ಇದಕ್ಕಿಂತ ಸ್ಪಷ್ಟವಾದ ಬಣ್ಣ ಬೇಕಿರಲಿಲ್ಲ.

2010ರಲ್ಲಿ ಬೇಲೆಕೇರಿಯಲ್ಲಿ ಸರ್ಕಾರ ಜಪ್ತಿ ಮಾಡಿಟ್ಟಿದ್ದ ಅದಿರಿನಲ್ಲಿ ಸುಮಾರು 5 ಲಕ್ಷ ಟನ್ ಕಾಣೆಯಾಯಿತು. ಐದು ಲಕ್ಷ ಟನ್ ಎಂದರೆ ಕಿಸೆಯಲ್ಲಿಟ್ಟುಕೊಂಡು ಹೋಗುವ ವಸ್ತುವಲ್ಲ. ಹತ್ತು ಟನ್ನಿನ ಲಾರಿಯಾದರೆ ಐವತ್ತು ಸಾವಿರ ಲೋಡು. ಜಪ್ತಿಯ ಕಾಗದದಲ್ಲಿ ಅದಿರಿತ್ತು, ಬಂದರಿನಲ್ಲಿ ಇರಲಿಲ್ಲ. ಆ ವರ್ಷದ ಜುಲೈಯಲ್ಲಿ ಕರ್ನಾಟಕ ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ರಫ್ತಿಗೆ ಮತ್ತೆ ಬಾಗಿಲು ತೆರೆಯಿತು.

ಇಲ್ಲಿಗೆ ಪಂಚಭೂತಗಳು ಮುಗಿದವು, ಶಾಸ್ತ್ರ ಮುಗಿಯಲಿಲ್ಲ. ಪೂರ್ವಪಕ್ಷಿ ಎದ್ದು ಕೇಳುತ್ತಾನೆ: ಸ್ವಾಮಿ, ನೀವು ಹೊಗೆ, ಕಲ್ಲು, ನೀರು ಎಂದು ವಾಹನವನ್ನು ವಿಂಗಡಿಸಿದಿರಿ. ಪ್ರಯಾಣಿಕ ಯಾರು? ಮೇಲಿನ ಒಂದೊಂದು ದೃಷ್ಟಾಂತದಲ್ಲೂ ಬೈಸಿಕೊಂಡವನು ಹೊಗೆ ಬಿಟ್ಟವನು, ಗುಡ್ಡ ಅಗೆದವನು, ಗೇಟು ಹಾಕಿದವನು. ಆರ್ಡರು ಕೊಟ್ಟವನು ಬೇರೆ ಕಡೆ ಇದ್ದ, ಬಹಳ ಸಲ ಹೊಗೆ ಕುಡಿದು ಅಳುವವರ ಸಾಲಿನಲ್ಲೇ ಇದ್ದ.

ಪೂರ್ವಪಕ್ಷ ಗೆದ್ದಿದೆ. ಹಾಗಾಗಿ ಎರಡನೆಯ ವರ್ಗೀಕರಣ. ಇದರಲ್ಲಿ ಮುಖ್ಯ ಜಾತಿ ಒಂದೇ, ವ್ರತಪಾದ.

ಸೂತ್ರ: ಮನೆಯಲ್ಲಿ ವ್ರತ ಹಿಡಿದವನ ಹೆಜ್ಜೆ ನೆರೆಮನೆಯಲ್ಲಿ ಆಳ.

ವೃತ್ತಿ. ಏಕಾದಶಿಯೆಂದು ತನ್ನ ಮನೆಯಲ್ಲಿ ಒಲೆ ಹಚ್ಚದೆ, ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಪಂಕ್ತಿಯಲ್ಲಿ ಕೂತವನ ವ್ರತ ಇದು. 1952ರ ಹೊಗೆಮಂಜು ಸಾವಿರಾರು ಲಂಡನ್ನಿಗರನ್ನು ಕೊಂದ ಮೇಲೆ ಬ್ರಿಟನ್ 1956ರಲ್ಲಿ ಶುದ್ಧ ಗಾಳಿಯ ಕಾನೂನು ಮಾಡಿತು. ವಿದ್ಯುತ್ ಕೇಂದ್ರಗಳು ಊರು ಬಿಟ್ಟು ದೂರ ಹೋದವು. ಹಳೆಯ ಔಷಧವಾದ ಎತ್ತರದ ಕೊಳವೆ ಮತ್ತೆ ಬಂತು, ಡ್ರಾಕ್ಸ್‌ನಲ್ಲಿ 259 ಮೀಟರಿನದು. ಲಂಡನ್ನಿನ ಆಕಾಶ ತಿಳಿಯಾಯಿತು. 1967ರಲ್ಲಿ ಸ್ವಾಂಟೆ ಓಡೆನ್ ಎಂಬ ಸ್ವೀಡನ್ನಿನ ಮಣ್ಣುವಿಜ್ಞಾನಿ, ನಮ್ಮ ಮಳೆ ಹುಳಿಯಾಗುತ್ತಿದೆ, ಈ ಹುಳಿ ನಮ್ಮದಲ್ಲ ಎಂದು ಪತ್ರಿಕೆಯಲ್ಲಿ ಬರೆದರು. ದಕ್ಷಿಣ ನಾರ್ವೆಯ ಕೆರೆಗಳಲ್ಲಿ ಮೀನು ಸತ್ತು ನೀರು ಮಾತ್ರ ಸ್ಫಟಿಕದಂತೆ ಉಳಿಯಿತು. 1985ರಲ್ಲಿ ಗಂಧಕವನ್ನು ನೂರಕ್ಕೆ ಮೂವತ್ತು ಇಳಿಸುವ ಒಪ್ಪಂದಕ್ಕೆ ಹೆಲ್ಸಿಂಕಿಯಲ್ಲಿ ಸಹಿ ಬಿದ್ದಾಗ ಬ್ರಿಟನ್ ಸಹಿ ಹಾಕಲಿಲ್ಲ.

ವ್ರತದ ಆದರ್ಶರೂಪ ಥಾಯ್ಲೆಂಡಿನದು. 1988ರ ನವೆಂಬರಿನಲ್ಲಿ ದಕ್ಷಿಣದ ಬೋಳು ಗುಡ್ಡಗಳಿಂದ ಪ್ರವಾಹದೊಂದಿಗೆ ಮರದ ದಿಮ್ಮಿಗಳು ಉರುಳಿಬಂದು ಹಳ್ಳಿಗಳನ್ನು ಹೂತವು. 1989ರ ಜನವರಿಯಲ್ಲಿ ದೇಶದಲ್ಲಿ ವಾಣಿಜ್ಯದ ಮರ ಕಡಿಯುವುದನ್ನು ನಿಲ್ಲಿಸಿದರು. ಸೇನಾ ಮುಖ್ಯಸ್ಥ ಚವಲಿತ್ ಯಾಂಗ್‌ಚೈಯುಧ್ ಅದಕ್ಕೂ ಮುಂಚೆ, ಡಿಸೆಂಬರಿನಲ್ಲೇ ರಂಗೂನಿಗೆ ಹೋಗಿ ಬಂದಿದ್ದರು. ಬೆನ್ನಿಗೇ ಬರ್ಮಾದ ತೇಗದ ಕಾಡುಗಳ ಗುತ್ತಿಗೆ ಥಾಯ್ ಕಂಪನಿಗಳಿಗೆ ಸಿಕ್ಕಿತು. ಸಂಕಲ್ಪಕ್ಕೆ ಮೊದಲೇ ಪಾರಣೆಯ ವ್ಯವಸ್ಥೆ ಎಂದರೆ ಇದು. ಚೀನಾ 1998ರ ಯಾಂಗ್ಸೆ ಪ್ರವಾಹದ ನಂತರ ಅದೇ ವ್ರತ ಹಿಡಿಯಿತು, ಬರ್ಮಾದ ಕಚಿನ್ ಬೆಟ್ಟಗಳಿಂದ ದಿಮ್ಮಿಗಳು ಯುನ್ನಾನಿಗೆ ಇಳಿದವು.

ಇವರನ್ನು ನೋಡಿ ನಗುವ ಮೊದಲು ನಮ್ಮ ಹೊಸ್ತಿಲು ನೋಡಬೇಕು, ಅಕ್ಷರಶಃ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದವರ್ಮನ್ ಮೊಕದ್ದಮೆಯಲ್ಲಿ ಕಾಡು ಕಡಿಯುವುದಕ್ಕೆ ಕಡಿವಾಣ ಹಾಕಿತು. ಒಳ್ಳೆಯ ಆದೇಶ, ನಮ್ಮ ಘಟ್ಟದ ಮರಗಳು ಅದರಿಂದಲೂ ಉಳಿದಿವೆ. ಮನೆ ಕಟ್ಟುವವರ ಆಸೆಗೆ ಕೋರ್ಟು ಕಡಿವಾಣ ಹಾಕಿರಲಿಲ್ಲ. ನವಮಂಗಳೂರು ಬಂದರಿನ ಯಾರ್ಡಿನಲ್ಲಿ ಮಲೇಷ್ಯಾದ, ಬರ್ಮಾದ ದಿಮ್ಮಿಗಳು ರಾಶಿ ಬಿದ್ದವು, ಕೊರೆದ ಮೈಯ ತುದಿಯಲ್ಲಿ ಸುತ್ತಿಗೆಯ ಮುದ್ರೆ, ಬಣ್ಣದ ನಂಬರು. ಬರ್ಮಾ ತೇಗದ ದೊಡ್ಡ ಗಿರಾಕಿಗಳಲ್ಲಿ ನಾವೂ ಒಬ್ಬರು. ಗೃಹಪ್ರವೇಶಕ್ಕೆ ಬಂದವರನ್ನು ಹೆಬ್ಬಾಗಿಲಿನ ಮುಂದೆ ನಿಲ್ಲಿಸಿ, ಬೆರಳ ಗೆಣ್ಣಿನಿಂದ ಕುಟ್ಟಿ, ‘ಪೂರ್ತಿ ಬರ್ಮಾ ಟೀಕು, ನಮ್ಮ ಲೋಕಲ್ ಅಲ್ಲ’ ಎಂದು ಯಜಮಾನರು ಹೇಳುವುದನ್ನು ಕೇಳದವರು ಯಾರಿದ್ದಾರೆ? ಅದು ಹೆಮ್ಮೆಯೂ ಹೌದು, ತಪ್ಪೊಪ್ಪಿಗೆಯೂ ಹೌದು; ಅರಿಶಿನ ಕುಂಕುಮ ಹಚ್ಚಿದ ಹೊಸ್ತಿಲಿನ ಸರ್ವೆ ನಂಬರು ಬರ್ಮಾದ ಸಗಾಯಿಂಗಿನದು. ಮ್ಯಾನ್ಮಾರು 2014ರ ಏಪ್ರಿಲಿನಿಂದ ದಿಮ್ಮಿ ರಫ್ತು ನಿಲ್ಲಿಸಿತು. ಈಗ ಕೊಯ್ದ ಹಲಗೆ ಬರುತ್ತದೆ. ಆಫ್ರಿಕಾದ ತೇಗವೂ ಬರುತ್ತದೆ, ಆದರೆ ಅದು ಬೇರೆ ಖಂಡವಾದ್ದರಿಂದ ಈ ಗ್ರಂಥದ ವ್ಯಾಪ್ತಿಗೆ ಹೊರಗೆ.

ಭೂತಾನ್ ಈ ಸೂತ್ರಕ್ಕೆ ಅಪವಾದವೆಂದು ಕೆಲವರ ಮತ. ದೇಶದ ನೂರಕ್ಕೆ ಅರವತ್ತು ಪಾಲು ಸದಾ ಕಾಡಾಗಿಯೇ ಇರಬೇಕೆಂದು 2008ರ ಸಂವಿಧಾನದಲ್ಲೇ ಬರೆದು, ನದಿಯ ವಿದ್ಯುತ್ತನ್ನು ನಮಗೆ ಮಾರಿ ಬಾಳುವ ದೇಶ ಅದು. ಮತ ಸರಿಯಿರಬಹುದು. ಅಲ್ಲಿಯ ಹೊಳೆಯ ದಪ್ಪ ಕಲ್ಲುಗಳು ಲಾರಿಯಲ್ಲಿ ಬಂಗಾಳ ಹಾದು ಬಾಂಗ್ಲಾದೇಶಕ್ಕೆ ಹೋಗುವುದನ್ನು ಕಂಡ ಮೇಲೆ ಗ್ರಂಥಕರ್ತ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದಾನೆ.

ಉಳಿದದ್ದು ಒಂದೇ ವರ್ಗ, ಪ್ರತ್ಯಾವೃತ್ತಪಾದ: ಹೋದ ಹೆಜ್ಜೆ ತಿರುಗಿ ತನ್ನ ಮನೆಗೆ ಬರುವುದು. ಗ್ರಂಥಕರ್ತ ಇಂಥದ್ದು ಇರಲಾರದೆಂದೇ ಈ ಪುಟವನ್ನು ಖಾಲಿ ಬಿಡುವವನಿದ್ದ. ದೃಷ್ಟಾಂತ ಸಿಕ್ಕಿತು. 1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರ ತನ್ನ ಕಸ ಸುಟ್ಟ ಬೂದಿ ಸುಮಾರು 14,000 ಟನ್ನನ್ನು ಖಿಯಾನ್ ಸೀ ಎಂಬ ಹಡಗಿಗೆ ತುಂಬಿ ಕಳಿಸಿತು. ಕೆರಿಬಿಯನ್ನಿನ ನೆರೆದೇಶಗಳು ಒಂದೊಂದಾಗಿ ಬೇಡವೆಂದವು. ಕೊನೆಗೆ ಹೈಟಿಯಲ್ಲಿ ಗೊಬ್ಬರವೆಂದು ಕಾಗದ ಮಾಡಿಸಿ, ಗೊನಾಯಿವ್ ಬಳಿಯ ಕಡಲತೀರದಲ್ಲಿ ಸುಮಾರು 4,000 ಟನ್ ಸುರಿದರು. ಗೊಬ್ಬರವಲ್ಲವೆಂದು ತಿಳಿದ ಸರ್ಕಾರ ವಾಪಸ್ ತುಂಬಿಕೊಳ್ಳಿ ಎಂದಾಗ ಹಡಗು ರಾತ್ರೋರಾತ್ರಿ ಜಾಗ ಬಿಟ್ಟಿತು. ಉಳಿದ ಬೂದಿ ಹೊತ್ತು, ಹೆಸರು ಬದಲಾಯಿಸಿಕೊಂಡು ಸಮುದ್ರ ಸಮುದ್ರ ಅಲೆದು, 1988ರಲ್ಲಿ ಸಿಂಗಪುರ ಸೇರುವ ಹೊತ್ತಿಗೆ ಅದು ಖಾಲಿಯಾಗಿತ್ತು. ನಡುವೆ ಬೂದಿ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಸುಳ್ಳು ಹೇಳಿದ್ದಕ್ಕೆ ಇಬ್ಬರು ವ್ಯವಹಾರಸ್ಥರಿಗೆ ಅಮೆರಿಕದ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಹೈಟಿಯ ತೀರದಲ್ಲಿ ಉಳಿದಿದ್ದ ರಾಶಿಯನ್ನು 2000ದಲ್ಲಿ ದೋಣಿಗೆ ತುಂಬಿ ಫ್ಲಾರಿಡಾಕ್ಕೆ ತಂದರು. ಅಲ್ಲಿ ಯಾವ ಊರೂ ಒಳಗೆ ಬಿಟ್ಟುಕೊಳ್ಳದೆ ಎರಡು ವರ್ಷ ಕಾಲುವೆಯಲ್ಲೇ ನಿಂತಿತು. 2002ರಲ್ಲಿ ಪೆನ್ಸಿಲ್ವೇನಿಯಾದ ಒಂದು ಕಸದ ಗುಂಡಿಯಲ್ಲಿ ಹೂತರು. ಫಿಲಡೆಲ್ಫಿಯಾ ಇರುವುದು ಪೆನ್ಸಿಲ್ವೇನಿಯಾದಲ್ಲೇ. ಹೋಗಿ ಬರಲು ಹದಿನಾರು ವರ್ಷ; ಈ ವರ್ಗದಲ್ಲಿ ಸದ್ಯಕ್ಕೆ ಇನ್ನೊಂದು ನಮೂದಿಲ್ಲ.